ಕೊಡಲಿ ಮಾಮನ ಅಸಲಿ ಹೆಸರು

ದೋಹಾದ ನಜ್ಮಾ ಬಡಾವಣೆಯಲ್ಲಿ ಹಳೆಯ ಸಾಮಾನುಗಳ ಮಾರುಕಟ್ಟೆಯೊಂದಿದೆ. ಅದರ ಹೆಸರು ಸೂಕ್ ಅಲ್ ಹರಾಜ್. ಊರಿನಿಂದ ಹೊಸದಾಗಿ ಬಂದ ಕನ್ನಡಿಗರನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ತಪ್ಪದೆ ಒಂದು ಮಾತು ಹೇಳುತ್ತೇನೆ: ನಮ್ಮ ‘ಹರಾಜು’ ಈ ಅರಬ್ಬೀ ಪದವೇ. ಹರಾಜು ಮಾತ್ರವಲ್ಲ, ಜಮಾ, ಬಾಕಿ, ವಸೂಲಿ ಹೀಗೆ ನನ್ನ ಕಸುಬಿನ ಎಷ್ಟೋ ಮಾತುಗಳ ಬೇರು ಅರಬ್ಬಿಯಲ್ಲಿದೆ. ಬಿ.ಕಾಂ. ಓದುವಾಗ ಇವನ್ನೆಲ್ಲ ಅಚ್ಚ ಕನ್ನಡವೆಂದೇ ತಿಳಿದಿದ್ದೆ. ಕತಾರಿಗೆ ಬಂದ ಮೇಲೆ ಗೊತ್ತಾಯಿತು, ಇವು ಸಮುದ್ರ ದಾಟಿ ಬಂದೂ ಹೆಸರು ಬದಲಿಸಿಕೊಳ್ಳದ ಸರಕುಗಳೆಂದು. ಎಲ್ಲ ಸರಕಿಗೂ ಆ ಭಾಗ್ಯ ಇರುವುದಿಲ್ಲ. ನಾನು ಈಗ ಬರೆಯಹೊರಟಿರುವುದು ದಡ ಬದಲಾದಾಗಲೆಲ್ಲ ಹೆಸರು ಬದಲಾದ ಒಂದು ಸರಕಿನ ಬಗ್ಗೆ.

ಕಳೆದ ಚಳಿಗಾಲದ ಒಂದು ಶುಕ್ರವಾರ ಮಗನಿಗೆ ಓದುವ ಮೇಜು ಕೊಳ್ಳಲು ಅಲ್ಲಿಗೆ ಹೋಗಿದ್ದೆವು. ಮೇಜು ಸಿಕ್ಕಿತು. ಅದರ ಕೆಳಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟಿವಿ ಗೇಮಿನ ಕ್ಯಾಸೆಟ್ಟುಗಳೂ ಸಿಕ್ಕವು. ಅಂಗಡಿಯವರು ಕಾಞಂಗಾಡಿನ ಕಡೆಯವರು, ನನ್ನ ವಯಸ್ಸಿನವರೇ. ಮಲಯಾಳಂ ಬೆರೆತ ಕನ್ನಡದಲ್ಲಿ, “ಅದೆಲ್ಲ ಅತಾರಿ. ಒಂದಕ್ಕೆ ಹತ್ತು ರಿಯಾಲ್” ಎಂದರು. ಅವರ ಅರಬ್ಬೀ ಗಿರಾಕಿಗಳಿಗೆ ಟಿವಿಗೆ ಸಿಕ್ಕಿಸಿ ಆಡುವ ಯಾವ ಯಂತ್ರವಾದರೂ ಅತಾರಿಯೇ. ಅಮೆರಿಕದ ಅಟಾರಿ ಕಂಪನಿ ತಯಾರಿಸಿರಲಿ, ಬಿಡಲಿ. ನಮ್ಮೂರಲ್ಲಿ ಯಾವ ವನಸ್ಪತಿ ತುಪ್ಪವಾದರೂ ಡಾಲ್ಡಾ ಆದ ಹಾಗೆ.

ನಾನು ಕೈಗೆತ್ತಿಕೊಂಡ ಹಳದಿ ಕ್ಯಾಸೆಟ್ಟಿನ ಚೀಟಿ ಅರ್ಧ ಹರಿದಿತ್ತು. ಉಳಿದರ್ಧದಲ್ಲಿ ಬಿಳಿ ಟೋಪಿಯ, ಎಲೆಯ ಲಂಗೋಟಿಯ ಒಬ್ಬ ದಢೂತಿ ಮನುಷ್ಯ, ಕೈಯಲ್ಲಿ ಕಲ್ಲಿನ ಕೊಡಲಿ. ಮೂವತ್ತು ವರ್ಷಗಳ ನಂತರ ನನ್ನ ಬಾಯಿಂದ ತಾನಾಗಿ ಹೊರಬಿತ್ತು: “ಅರೆ, ಕೊಡಲಿ ಮಾಮ!”

ಮಗ ಕೇಳಿದ: “ಅದು ನೀವು ಇಟ್ಟ ಹೆಸರು. ಇದರ ನಿಜವಾದ ಹೆಸರೇನು?”

ನನ್ನ ಹತ್ತಿರ ಉತ್ತರವಿರಲಿಲ್ಲ. ಇಪ್ಪತ್ತು ವರ್ಷದಿಂದ ಅನ್ನ ತಿನ್ನುತ್ತಿರುವುದೇ ಬೇರೆಯವರ ಲೆಕ್ಕದ ಪುಸ್ತಕ ತೆರೆದು ‘ಈ ಖಾತೆಗೆ ಈ ಹೆಸರೇಕೆ’ ಎಂದು ಕೇಳುವುದರಿಂದ. ಆ ಪ್ರಶ್ನೆ ನನಗೇ ಬಂದಾಗ ತಡಬಡಾಯಿಸಿದೆ. ಮನೆಗೆ ಬಂದು ಹುಡುಕುತ್ತ ಕುಳಿತೆ. ಉತ್ತರ ನಾನು ಎಣಿಸಿದ್ದಕ್ಕಿಂತ ಉದ್ದವಾಗಿತ್ತು, ಎಣಿಸಿದ್ದಕ್ಕಿಂತ ನನ್ನ ಕಸುಬಿಗೆ ಹತ್ತಿರವಾಗಿಯೂ ಇತ್ತು.

1986ರಲ್ಲಿ ಜಪಾನಿನ ಎಸ್ಕೇಪ್ ಎಂಬ ಪುಟ್ಟ ಕಂಪನಿ ‘ವಂಡರ್ ಬಾಯ್’ ಎಂಬ ಆಟ ಮಾಡಿತು. ಕಾಸು ಹಾಕಿ ಆಡುವ ದೊಡ್ಡ ಯಂತ್ರಗಳಿಗಾಗಿ ಅದನ್ನು ಹೊರತಂದದ್ದು ಸೆಗಾ. ಅದರ ನಾಯಕ ಹಳದಿ ಕೂದಲಿನ ಒಬ್ಬ ಕಾಡು ಹುಡುಗ. ಒಪ್ಪಂದದ ಪ್ರಕಾರ ಆಟದ ಹೆಸರು ಮತ್ತು ನಾಯಕನ ರೂಪ ಸೆಗಾದ್ದಾದವು. ಉಳಿದ ಆಟ, ಅಂದರೆ ಓಡುವ ದಾರಿ, ಹಾರುವ ಬಂಡೆ, ಎಸೆಯುವ ಕೊಡಲಿ, ಎಸ್ಕೇಪ್ ಬಳಿಯೇ ಉಳಿಯಿತು. ಅದೇ ವರ್ಷ ಹಡ್ಸನ್ ಎಂಬ ಇನ್ನೊಂದು ಕಂಪನಿ ಇದನ್ನು ನಿಂಟೆಂಡೋದ ಫ್ಯಾಮಿಕಾಮ್ ಯಂತ್ರಕ್ಕೆ ತರಹೊರಟಿತು. ಆಟ ಸಿಕ್ಕಿತು, ಹೆಸರು ಸಿಗಲಿಲ್ಲ. ಆಗ ಹಡ್ಸನ್ ತನ್ನ ಸಂಬಳದ ಪಟ್ಟಿಯಲ್ಲಿದ್ದ ಒಬ್ಬ ನೌಕರನನ್ನೇ ನಾಯಕನನ್ನಾಗಿ ಮಾಡಿತು! ಪ್ರಚಾರ ವಿಭಾಗದ ತಕಹಾಶಿ ಎಂಬಾತ ಸೆಕೆಂಡಿಗೆ 16 ಬಾರಿ ಗುಂಡಿ ಒತ್ತುವ ಚಮತ್ಕಾರದಿಂದ ಜಪಾನಿನ ಮಕ್ಕಳ ನಡುವೆ ಮನೆಮಾತಾಗಿದ್ದ. ಹಾಗಾಗಿ ಅಲ್ಲಿ ಅದು ‘ತಕಹಾಶಿ ಮೇಜಿನ್’ನ ಸಾಹಸದ್ವೀಪವಾಯಿತು. ಅಮೆರಿಕದಲ್ಲಿ ತಕಹಾಶಿಯನ್ನು ಯಾರು ಬಲ್ಲರು? 1988ರಲ್ಲಿ ಅಲ್ಲಿಗೆ ಹೋದಾಗ ಆಟ ‘ಅಡ್ವೆಂಚರ್ ಐಲೆಂಡ್’ ಆಯಿತು, ಅವನು ಮಾಸ್ಟರ್ ಹಿಗ್ಗಿನ್ಸ್ ಆದ. ಆಮೇಲೆ ಹೇಗೋ ಭದ್ರಾವತಿಗೆ ಬಂದ, ಕೊಡಲಿ ಮಾಮ ಆದ.

ಇದನ್ನು ಓದಿದಾಗ ನನಗೆ ನೆನಪಾದದ್ದು ಸಿ.ಎ. ಅಂತಿಮ ಪರೀಕ್ಷೆಯ ಪಾಠ. ಕಂಪನಿಯೊಂದನ್ನು ಕೊಂಡಾಗ ಕಟ್ಟಡ, ಯಂತ್ರಗಳಿಗೊಂದು ಬೆಲೆ. ಹೆಸರಿಗೆ, ಗಿರಾಕಿಗಳ ವಿಶ್ವಾಸಕ್ಕೆ ಬೇರೆಯೇ ಬೆಲೆ. ಹೆಸರನ್ನು ವಸ್ತುವಿನಿಂದ ಬಿಡಿಸಿ ತೆಗೆದು ಮಾರಬಹುದು. ಪರೀಕ್ಷೆಯಲ್ಲಿ ಅದು ಬರೀ ಅಂಕಿ. ಇಲ್ಲಿ ಅದಕ್ಕೆ ಮುಖವಿತ್ತು: ಒಂದೇ ದ್ವೀಪ, ಒಂದೇ ಕೊಡಲಿ, ಓಡುವವನು ಮಾತ್ರ ಬೇರೆ.

ಹೆಸರು ಬದಲಿಸುವುದೆಂದರೆ ಮೋಸ ಎಂದು ಥಟ್ಟನೆ ಅನ್ನಿಸುತ್ತದೆ. ನಾನು ಹಾಗೆ ತಿಳಿಯುವುದಿಲ್ಲ. ನಮಗೆಲ್ಲ ಗೊತ್ತಿರುವ ಸಿನಿಮಾದ ಉದಾಹರಣೆ ತೆಗೆದುಕೊಳ್ಳಿ. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ಕನ್ನಡದ ‘ಆಪ್ತಮಿತ್ರ’, 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’ ಆಯಿತು. ಮಲಯಾಳಂ ಹೆಸರು ಮುಚ್ಚಿದ ಬಾಗಿಲಿನ ಚಿತ್ತಾರದ ಬೀಗವನ್ನು ತೋರಿಸುತ್ತದೆ. ಕನ್ನಡ ಹೆಸರು ಕಾಪಾಡಲು ಬರುವ ಗೆಳೆಯನನ್ನು, ಅಂದರೆ ವಿಷ್ಣುವರ್ಧನ್ ಅವರನ್ನು, ಮುಂದೆ ನಿಲ್ಲಿಸುತ್ತದೆ. ತಮಿಳು ಹೆಸರು ಆ ನರ್ತಕಿಯನ್ನೇ ಕರೆಯುತ್ತದೆ. ಹಿಂದಿ ಹೆಸರು ದಾರಿ ತಪ್ಪಿಸುವ ಹಜಾರಗಳ ಕಡೆ ಕೈ ತೋರಿಸುತ್ತದೆ. ನಾಲ್ಕೂ ಕಥೆಯ ಒಳಗೇ ಇರುವ ಸಂಗತಿಗಳು. ಪ್ರತಿ ಭಾಷೆಯವರೂ ಕಥೆಯನ್ನು ಓದಿ, ನಮ್ಮವರಿಗೆ ಯಾವ ಬಾಗಿಲಿಂದ ಪ್ರವೇಶ ಎಂದು ಯೋಚಿಸಿ ಹೆಸರಿಟ್ಟಿದ್ದಾರೆ. ಒಳ್ಳೆಯ ಮರುನಾಮಕರಣ ಎಂದರೆ ಒಂದು ಬಗೆಯ ವಿಮರ್ಶೆಯೇ.

ಹೆದರಿಕೆಯಿಂದ ಇಟ್ಟ ಹೆಸರುಗಳೂ ಇವೆ. ನಿಂಟೆಂಡೋದ ಯಂತ್ರ 1983ರಲ್ಲಿ ಜಪಾನಿನಲ್ಲಿ ಬಂದಾಗ ಅದು ‘ಫ್ಯಾಮಿಲಿ ಕಂಪ್ಯೂಟರ್’. ಫ್ಯಾಮಿಕಾಮ್ ಎಂಬುದು ಅದರ ಮೊಟಕು. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮ್ ವ್ಯಾಪಾರ ಕುಸಿದುಬಿತ್ತು. ಅಂಗಡಿಯವರು ಆ ಶಬ್ದ ಕೇಳಿದರೇ ಮುಖ ತಿರುಗಿಸುತ್ತಿದ್ದರು. 1985ರಲ್ಲಿ ಅಲ್ಲಿಗೆ ಹೋದ ಯಂತ್ರಕ್ಕೆ ‘ಎಂಟರ್‌ಟೇನ್‌ಮೆಂಟ್ ಸಿಸ್ಟಂ’ ಎಂಬ ಗಂಭೀರ ಹೆಸರು ಬಂತು, ಕ್ಯಾಸೆಟ್ಟು ‘ಗೇಮ್ ಪ್ಯಾಕ್’ ಆಯಿತು, ಜೊತೆಗೆ ಆಟಿಕೆಯಂತೆ ಕಾಣಲಿ ಎಂದು ಒಂದು ರೋಬೋ ಕೂಡ. ನಷ್ಟದ ಬಾಬನ್ನು ಬೇರೆ ಶೀರ್ಷಿಕೆಯಡಿ ದಾಖಲಿಸುವ ಈ ಕೈಚಳಕ ನನಗೆ ಚೆನ್ನಾಗಿ ಪರಿಚಯ.

ಇನ್ನು ನಮ್ಮ ಪೀಳಿಗೆಯ ಪ್ರಾಣವಾಗಿದ್ದ ‘ಕಾಂಟ್ರಾ’. ಜರ್ಮನಿಯಲ್ಲಿ ಮಕ್ಕಳಿಗೆ ಹಾನಿಕರವೆಂದು ಪಟ್ಟಿಗೆ ಸೇರಿದ ಸರಕಿಗೆ ಜಾಹೀರಾತು ಕೊಡುವಂತಿರಲಿಲ್ಲ, ಅಂಗಡಿಯಲ್ಲಿ ಎದುರಿಗಿಡುವಂತಿರಲಿಲ್ಲ. ಮನುಷ್ಯರು ಮನುಷ್ಯರಿಗೆ ಗುಂಡು ಹೊಡೆಯುವುದೇ ತೊಡಕು. ಕೊನಾಮಿ ಕಂಪನಿ 1990ರಲ್ಲಿ ಯುರೋಪಿನ ನಿಂಟೆಂಡೋಗೆ ಆ ಆಟವನ್ನು ಕೊಡುವಾಗ ಸೈನಿಕರನ್ನೆಲ್ಲ ರೋಬೋಗಳನ್ನಾಗಿ ಬದಲಿಸಿ ‘ಪ್ರೊಬೊಟೆಕ್ಟರ್’ ಎಂದು ಹೆಸರಿಟ್ಟಿತು. ಅಂಗಿ ಬಿಚ್ಚಿ ಓಡುತ್ತಿದ್ದ ಇಬ್ಬರು ಗಂಡಾಳುಗಳು ತಗಡಿನ ಗೊಂಬೆಗಳಾದರು. ಆಟಕ್ಕೆ ಕಳೆ ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಹೆಸರಿನ ಜೊತೆ ಒಳಗಿನ ಚಿತ್ರವನ್ನೂ ಬದಲಿಸುವ ಶ್ರಮ ಪಟ್ಟರಲ್ಲ, ಅಷ್ಟು ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಈಗ ನಮ್ಮ ಕಡೆಗೆ ಬರೋಣ. ನನ್ನ ಬಾಲ್ಯದ ಭಾರತದಲ್ಲಿ ವಿದೇಶಿ ಆಟಯಂತ್ರ ಎಂದರೆ ಸುಂಕದ ಇನ್ನೊಂದು ಹೆಸರು. ಸೆಗಾದ ‘ಮೆಗಾ ಡ್ರೈವ್’ ಯಂತ್ರ ಅಮೆರಿಕದಲ್ಲಿ ಹೆಸರಿನ ಹಕ್ಕು ಸಿಗದೆ ‘ಜೆನೆಸಿಸ್’ ಎಂದು ಮಾರಾಟವಾಯಿತು. ಭಾರತಕ್ಕೆ ಅದು ಮೆಗಾ ಡ್ರೈವ್ ಆಗಿಯೇ 1995ರಲ್ಲಿ ಬಂತು, ಶೇಕಡಾ 80ರ ಆಮದು ಸುಂಕ ತಪ್ಪಿಸಿಕೊಳ್ಳಲು ಶಾ ವಾಲೇಸ್ ಎಂಬ ದೇಶಿ ಕಂಪನಿಯ ಕೈ ಹಿಡಿದು. ಆ ಕಂಪನಿಯ ಹೆಸರನ್ನು ನಮ್ಮ ತಂದೆಯ ಪೀಳಿಗೆಯವರು ಕಂಡಿದ್ದು ಮದ್ಯದ ಬಾಟಲಿಯ ಮೇಲೆ! ಯಂತ್ರದ ಬೆಲೆ 18,000 ರೂಪಾಯಿ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಗುಮಾಸ್ತರ ಮನೆಗೆ ಅದು ಬರುವ ಸಾಧ್ಯತೆ ಇರಲಿಲ್ಲ.

ಬಂದದ್ದು ಫ್ಯಾಮಿಕಾಮಿನ ನಕಲುಗಳು. ‘ಲಿಟಲ್ ಮಾಸ್ಟರ್’, ‘ಮೀಡಿಯಾ’, ಹೀಗೆ ಹಲವು ಹೆಸರಿನ ಪೆಟ್ಟಿಗೆಗಳು. ರಷ್ಯಾದಲ್ಲಿ ಇಂಥದೇ ನಕಲು 1992ರಿಂದ ‘ಡೆಂಡಿ’ ಎಂಬ ಹೆಸರಿನಲ್ಲಿ, ಆನೆಯ ಗುರುತಿನೊಂದಿಗೆ, ಜನಪ್ರಿಯವಾಯಿತು, ಪೋಲೆಂಡಿನಲ್ಲಿ ‘ಪೆಗಾಸಸ್’. ನ್ಯೂಟೌನ್ ಹತ್ತಿರದ ಒಂದು ವಿಡಿಯೋ ಲೈಬ್ರರಿಯಲ್ಲಿ ಗಂಟೆಗೆ ಐದು ರೂಪಾಯಿ ಕೊಟ್ಟು ನಾವು ಆಡುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಪರದೆಯ ಪಟ್ಟಿಯನ್ನು ಎಷ್ಟು ಕೆಳಗಿಳಿಸಿದರೂ ಮುಗಿಯುತ್ತಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ನಾನು ನೋಟ್‌ಬುಕ್ ಹಿಡಿದು ಒಂದೊಂದಾಗಿ ತೆರೆದು ನೋಡಿದೆ. ಇದ್ದದ್ದು ಏಳೇ ಆಟ. ಅವೇ ಏಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗಿ, ಮತ್ತೆ ಮತ್ತೆ ಬರುತ್ತಿದ್ದವು. ನಾನು ಮಾಡಿದ ಮೊದಲ ದಾಸ್ತಾನು ಪರಿಶೀಲನೆ ಅದು. ಈ ಬರಹದಲ್ಲಿ ಬರುವ ಹೆಸರುಗಳ ಪೈಕಿ ಶುದ್ಧ ಸುಳ್ಳು ಎಂದು ನಾನು ಷರಾ ಬರೆಯುವುದು ಆ ಏಳು ಒಂಬತ್ತುಗಳಿಗೆ ಮಾತ್ರ.

ಚೀಟಿಗಳು ಹರಿದಿದ್ದವು, ಇದ್ದರೂ ಜಪಾನೀ ಅಕ್ಷರ. ನಮಗೆ ಇಂಗ್ಲಿಷೇ ಕಷ್ಟ. ಹಾಗಾಗಿ ನಾವೇ ಹೆಸರಿಟ್ಟುಕೊಂಡೆವು. ‘ಸರ್ಕಸ್ ಚಾರ್ಲಿ’ ನಮಗೆ ಸಿಂಹದ ಆಟ. ‘ಬ್ಯಾಟಲ್ ಸಿಟಿ’ ಇಟ್ಟಿಗೆ ಟ್ಯಾಂಕು. ‘ಕಾಂಟ್ರಾ’ ಮಾತ್ರ ಎಲ್ಲರ ಬಾಯಲ್ಲೂ ಕಂತ್ರಿ. ಬೀದಿ ನಾಯಿಗೆ ಹೇಳುವ ಕಂತ್ರಿ! ಜಾತಿ ಗೊತ್ತಿಲ್ಲದ ಯಂತ್ರದಲ್ಲಿ ಊರು ಗೊತ್ತಿಲ್ಲದ ಆಟಕ್ಕೆ ಅದಕ್ಕಿಂತ ಒಪ್ಪುವ ಹೆಸರನ್ನು ಯಾವ ಪ್ರಚಾರ ವಿಭಾಗವೂ ಕೊಡಲಾರದು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸಿಹಿಯಾದ ನೆನಪಿನ ಬರಹವಾಗುತ್ತಿತ್ತು: ಕಂಪನಿಗಳು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಮಕ್ಕಳು ತಾವೇ ಕನ್ನಡ ಮಾಡಿಕೊಂಡರು. ನಾನೂ ಹಾಗೇ ಮುಗಿಸಬೇಕೆಂದಿದ್ದೆ. ಖಚಿತಪಡಿಸಿಕೊಳ್ಳೋಣ ಎಂದು ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಕ್ಯಾಸೆಟ್ಟಿನ ಫೋಟೋ ಹಾಕಿ ಕೇಳಿದೆ. ಒಬ್ಬ ‘ಟೋಪಿ ಅಂಕಲ್’ ಅಂದ. ಇನ್ನೊಬ್ಬ ‘ಕಾಡು ಮನುಷ್ಯ’ ಅಂದ. ಮತ್ತೊಬ್ಬನಿಗೆ ಅದು ಬರೀ ‘ಮೂರನೇ ಗೇಮು’. ಕೊಡಲಿ ಮಾಮ ಎಂದು ನೆನಪಿದ್ದವರು ನಾನು ಮತ್ತು ನಮ್ಮ ಬೀದಿಯ ಇಬ್ಬರು. ನಾನು ಕನ್ನಡದ ಹೆಸರು ಎಂದು ಮೂವತ್ತು ವರ್ಷ ನಂಬಿದ್ದು ಒಂದು ಬೀದಿಯ ಹೆಸರಾಗಿತ್ತು. ಯಾರೂ ಅದನ್ನು ಅಚ್ಚು ಮಾಡಿರಲಿಲ್ಲ, ಯಾವ ಚೀಟಿಯ ಮೇಲೂ ಬರೆದಿರಲಿಲ್ಲ. ನಾವು ಮೂವರು ಮರೆತ ದಿನ ಅದು ಇರುವುದಿಲ್ಲ.

ಬ್ರೆಜಿಲ್‌ನಲ್ಲಿ ಬೇರೆಯೇ ಆಯಿತು. ಅಲ್ಲೂ ಆಮದು ಎಂದರೆ ದುಬಾರಿ, ಅಲ್ಲೂ ಸೆಗಾ ಒಂದು ದೇಶಿ ಕಂಪನಿಯ ಕೈ ಹಿಡಿಯಿತು. ಆ ಕಂಪನಿ ಟೆಕ್ ಟಾಯ್. ವಂಡರ್ ಬಾಯ್ ಸರಣಿಯ ಎರಡನೇ ಆಟ ‘ವಂಡರ್ ಬಾಯ್ ಇನ್ ಮಾನ್‌ಸ್ಟರ್ ಲ್ಯಾಂಡ್’ 1987ರಲ್ಲಿ ಬಂದಿತ್ತು. ಜಪಾನಿನಲ್ಲಿ ಅದಕ್ಕೆ ಆಗಲೇ ಹಲವು ವೇಷ: ಒಂದು ಯಂತ್ರದಲ್ಲಿ ಮಿಠಾಯಿ ಜೊತೆ ಬರುವ ಬಿಕ್ಕುರಿಮನ್ ಚೀಟಿಗಳ ಪಾತ್ರ, ಫ್ಯಾಮಿಕಾಮಿನಲ್ಲಿ ಚೀನೀ ಪುರಾಣದ ವಾನರವೀರ. ದೇವಸ್ಥಾನ ಒಂದೇ, ಉತ್ಸವಮೂರ್ತಿ ಬೇರೆ. ಟೆಕ್ ಟಾಯ್ 1991ರಲ್ಲಿ ಅಲ್ಲಿ ಕೂರಿಸಿದ್ದು ಮೋನಿಕಾಳನ್ನು. ಮೌರಿಸಿಯೋ ದೆ ಸೌಜಾ ಎಂಬ ಚಿತ್ರಕಾರ 1963ರಲ್ಲಿ ಸೃಷ್ಟಿಸಿದ, ಬ್ರೆಜಿಲ್‌ನ ಪ್ರತಿ ಮಗುವಿಗೂ ಗೊತ್ತಿದ್ದ, ಕೈಯಲ್ಲೊಂದು ಬಟ್ಟೆಯ ಮೊಲ ಹಿಡಿದ ಜಗಳಗಂಟಿ ಹುಡುಗಿ. ಆಟದಲ್ಲಿ ಅವಳು ಶತ್ರುಗಳಿಗೆ ಬಾರಿಸುವುದು ಕತ್ತಿಯಿಂದಲ್ಲ, ಆ ಮೊಲದಿಂದ. ಮಾತೆಲ್ಲ ಪೋರ್ಚುಗೀಸ್. ಹೆಸರು ‘ಡ್ರ್ಯಾಗನ್ ಕೋಟೆಯಲ್ಲಿ ಮೋನಿಕಾ’ ಎಂಬರ್ಥದ್ದು. ಸುಂಕ ಎರಡೂ ದೇಶಗಳಲ್ಲಿತ್ತು. ನಮಗೆ ಅದರಿಂದ ಸಿಕ್ಕಿದ್ದು ಬೆಲೆಯ ಚೀಟಿ; ಅವರಿಗೆ ಸಿಕ್ಕಿದ್ದು ಮೋನಿಕಾ. ನಡುವಿನ ವ್ಯತ್ಯಾಸ, ಯಾರೋ ನಾಲ್ಕು ಜನ ಕುಳಿತು ಮಾಡಿದ ಕೆಲಸ.

ಇಷ್ಟು ದೂರದ ಬ್ರೆಜಿಲ್ ಏಕೆ, ಇಲ್ಲೇ ಪಕ್ಕದ ಕುವೈತಿನಲ್ಲಿ 1980ರ ದಶಕದಲ್ಲಿ ಮೊಹಮ್ಮದ್ ಅಲ್ ಶಾರೆಖ್ ಎಂಬ ಉದ್ಯಮಿಯ ಅಲ್ ಆಲಮಿಯಾ ಕಂಪನಿ ಜಪಾನಿನ ಎಂ.ಎಸ್.ಎಕ್ಸ್. ಕಂಪ್ಯೂಟರುಗಳನ್ನು ಅರಬ್ಬೀಕರಿಸಿ ‘ಸಖ್ರ್’ ಎಂಬ ಹೆಸರಿನಲ್ಲಿ ಮಾರಿತು. ಸಖ್ರ್ ಎಂದರೆ ಬಂಡೆ. ಕೀಲಿಮಣೆಯಲ್ಲಿ ಅರಬ್ಬೀ, ಪರದೆಯಲ್ಲಿ ಅರಬ್ಬೀ. ನನ್ನ ಕಚೇರಿಯ ಈ ಕಡೆಯ ಸಹೋದ್ಯೋಗಿಗಳಿಗೆ ಆ ಹೆಸರು ಹೇಳಿದರೆ ಸಾಕು, ಕಣ್ಣು ಹೊಳೆಯುತ್ತದೆ. ಅವರು ಕಂಪ್ಯೂಟರಿನಲ್ಲಿ ಮೊದಲು ಕಂಡ ಅಕ್ಷರ ಅವರದೇ. ನನ್ನ ಮಗನ ಯಂತ್ರದಲ್ಲಿ ಭಾಷೆಗಳ ಪಟ್ಟಿ ತೆರೆದರೆ ಇವತ್ತೂ ಅರಬ್ಬೀ ಇದೆ, ಕನ್ನಡವಿಲ್ಲ. ಇದನ್ನು ಬರೀ ಜನಸಂಖ್ಯೆಯ, ಹಣದ ಲೆಕ್ಕ ಎನ್ನುವವರಿದ್ದಾರೆ. ನಾನು ಲೆಕ್ಕದವನೇ ಆಗಿ ಹೇಳುತ್ತೇನೆ, ಅದು ಪೂರ್ತಿ ಲೆಕ್ಕವಲ್ಲ. ಪಟ್ಟಿಯಲ್ಲಿ ಒಂದು ಸಾಲು ಬರುವುದಕ್ಕೆ ಮೊದಲು ಅದು ಬೇಕು ಎಂದು ಹಠ ಹಿಡಿದವರು ಇರುತ್ತಾರೆ.

ನಮ್ಮಲ್ಲಿ ಅಂಥವರು ಇರಲೇ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಹರಾಜಿನ ಅಂಗಡಿಯಲ್ಲೇ. ಎರಡನೇ ಸಲ ಹೋದಾಗ ಕಾಞಂಗಾಡಿನವರೊಡನೆ ಬ್ರೆಜಿಲ್ ಹುಡುಗಿಯ ಕಥೆ ಹೇಳುತ್ತ, “ನಮ್ಮವರು ಯಾರಾದರೂ ಡಿಂಗನನ್ನು ಹೀಗೆ ಆಟದೊಳಗೆ ಹಾಕಿದ್ದರೆ!” ಅಂದೆ. ‘ಬಾಲಮಂಗಳ’ ಓದಿ ಬೆಳೆದವರಿಗೆ ಡಿಂಗನ ಪರಿಚಯ ಹೇಳಬೇಕಿಲ್ಲ. ಹಾರಾಡುವ, ಕಾಡಿನ ಪ್ರಾಣಿಗಳನ್ನು ಕಾಪಾಡುವ ಇಲಿ. ಅಂಗಡಿಯವರು ಕ್ಷಣ ನನ್ನನ್ನೇ ನೋಡಿದರು. “ಡಿಂಕನ್ನಾ?” ಅಂದರು. ಆಮೇಲೆ ಇಬ್ಬರೂ ನಕ್ಕೆವು. ಅವರ ‘ಬಾಲಮಂಗಳಂ’ನ ಡಿಂಕನೇ ನನ್ನ ಬಾಲಮಂಗಳದ ಡಿಂಗ. ಹೆಸರಿನಲ್ಲಿ ಒಂದೆರಡು ಅಕ್ಷರ ಬದಲಿಸಿ, ಮಾತನ್ನೆಲ್ಲ ಕನ್ನಡಿಸಿ, ಯಾರೋ ಅವನನ್ನು ನನಗೆ ತಲುಪಿಸಿದ್ದರು. ನಲವತ್ತು ದಾಟುವವರೆಗೆ ಅವನು ಬೇರೆ ಊರಿನವನೆಂಬ ಅನುಮಾನ ನನಗೆ ಬಂದಿರಲಿಲ್ಲ. ಬರದಂತೆ ನೋಡಿಕೊಂಡವರ ಕೆಲಸ ಅಷ್ಟು ಅಚ್ಚುಕಟ್ಟು.

ಪರದೇಶದಲ್ಲಿರುವ ನಮಗೆ ಹೆಸರಿನ ವಿಷಯ ಸ್ವಲ್ಪ ಹೆಚ್ಚೇ ನಾಟುತ್ತದೆ. ಇಲ್ಲಿನ ಗುರುತಿನ ಚೀಟಿಯಲ್ಲಿ ನನ್ನ ಊರು, ಅಪ್ಪ, ನಾನು ಮೂರೂ ಒಂದೇ ಸಾಲಿನಲ್ಲಿದ್ದೇವೆ. ಕೆಲಸದ ಜಾಗದಲ್ಲಿ ಕೆಲವರು ನನ್ನನ್ನು ಕರೆಯುವುದು ತೀರಿಹೋದ ಅಪ್ಪನ ಹೆಸರಿನಿಂದ. ತಿದ್ದುವುದನ್ನು ಬಿಟ್ಟು ವರ್ಷಗಳಾದವು. ‘ಹೆಸರು ಯಾವುದಾದರೇನು, ಒಳಗಿರುವವನು ಅದೇ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ಹುಡುಕಾಟದ ನಂತರ ಆ ಸಮಾಧಾನ ಉಳಿದಿಲ್ಲ. ಯಾರು ಇಟ್ಟರು, ಯಾರ ಅನುಕೂಲಕ್ಕೆ ಇಟ್ಟರು, ಇಡುವ ಮೊದಲು ಒಳಗೆ ಇಣುಕಿದರೇ ಎಂಬುದು ಮುಖ್ಯ. ನಮ್ಮ ಬೀದಿಯ ಮಕ್ಕಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರೆವು. ಕೊಡಲಿ ಮಾಮನನ್ನು ಮಾಡಿದ ಎಸ್ಕೇಪ್‌ನವರಿಗೆ ನಮ್ಮ ಐದು ರೂಪಾಯಿಯಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ನಾವು ಹೆಸರು ಕೊಟ್ಟೆವು, ಸಲ್ಲಬೇಕಾದ್ದನ್ನು ಕೊಡಲಿಲ್ಲ. ಖರ್ಚಿನ ಕಡೆ ಮಾತ್ರ ಬರೆದು ಜಮೆಯ ಕಡೆ ಖಾಲಿ ಬಿಟ್ಟ ಪುಸ್ತಕ ಅದು.

ಕೊನೆಗೆ ಆ ಹಳದಿ ಕ್ಯಾಸೆಟ್ಟನ್ನು ಕೊಂಡೆವು. ಅದನ್ನು ಆಡುವ ಯಂತ್ರ ಇನ್ನೂ ಸಿಕ್ಕಿಲ್ಲ. ಕಾಞಂಗಾಡಿನವರು ಹುಡುಕಿಕೊಡುವುದಾಗಿ ಹೇಳಿದ್ದಾರೆ. ಹರಿದ ಚೀಟಿಯ ಜಾಗಕ್ಕೆ ಹೊಸದು ಅಂಟಿಸುವಾಗ ಮಗ ಏನು ಬರೆಯಲಿ ಎಂದು ಕೇಳಿದ. ಅವನಿಗೆ ಕನ್ನಡ ಬರೆಯಲು ನಿಧಾನ. ನಾನು ಹೇಳುತ್ತಾ ಹೋದೆ, ಅವನು ಒತ್ತಕ್ಷರ ಕೇಳಿಕೊಂಡು ಬರೆದ. ಮೇಲಿನ ಸಾಲಿನಲ್ಲಿ ‘ಕೊಡಲಿ ಮಾಮ, ಭದ್ರಾವತಿ’. ಕೆಳಗಿನ ಸಾಲಿನಲ್ಲಿ ‘ಅಡ್ವೆಂಚರ್ ಐಲೆಂಡ್, ಹಡ್ಸನ್, ಮೂಲ ಎಸ್ಕೇಪ್, 1986’. ಚೀಟಿಯಲ್ಲಿ ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಅವನು, ನನ್ನನ್ನು ಕೇಳದೆ, ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದುಕೊಂಡ.